ಇನ್‌ಹೇಲರ್ ಬಳಕೆ ಕಲಿಸುವ ವಿಡಿಯೊಗಳು: ಕೈಯ ಪಾಠ ಪೂರ್ತಿ, ಉಸಿರಿನ ಪಾಠ ಅರ್ಧ

ಹಲವು ವರ್ಷಗಳಿಂದ ಉಬ್ಬಸಕ್ಕೆ ಇನ್‌ಹೇಲರ್ ಬಳಸುತ್ತಿದ್ದರೂ, ಅದನ್ನು ಹೇಳಿಕೊಡುವ ಕಿರು ವಿಡಿಯೊ ಸರಣಿಯೊಂದನ್ನು ನೋಡುವವರೆಗೆ ನನ್ನ ಕ್ರಮ ತಪ್ಪಿರಬಹುದೆಂಬ ಅನುಮಾನವೇ ನನಗೆ ಬಂದಿರಲಿಲ್ಲ. ಮೊದಲು ಒತ್ತಿ, ಆಮೇಲೆ ಉಸಿರೆಳೆದುಕೊಳ್ಳುತ್ತಿದ್ದೆ. ಔಷಧಿಯ ಬಹುಪಾಲು ಗಂಟಲಿಗೆ ಬಡಿದು ಅಲ್ಲಿಯೇ ಉಳಿಯುತ್ತಿತ್ತು. ನಾನೋ, ಆ ರುಚಿಯನ್ನೇ ಔಷಧಿ ಒಳಗೆ ಹೋದದ್ದರ ಗುರುತೆಂದು ನಂಬಿದ್ದೆ.

ಒತ್ತಿ ಬಳಸುವ ಇನ್‌ಹೇಲರ್‌ನ ವಿಡಿಯೊ ಈ ಸರಣಿಯಲ್ಲಿ ಎಲ್ಲಕ್ಕಿಂತ ಉತ್ತಮವಾಗಿದೆ. ಮುಖದ ಪಕ್ಕದಿಂದ ಚಿತ್ರೀಕರಿಸಿರುವುದರಿಂದ, ಇನ್‌ಹೇಲರ್ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳನ್ನು ಅದರ ಸುತ್ತ ಬಿಗಿಹಿಡಿದು, ನಿಧಾನವಾಗಿ ಉಸಿರೆಳೆಯಲು ತೊಡಗಿದ ಕ್ಷಣದಲ್ಲೇ ಬೆರಳು ಒತ್ತುವುದು ಸ್ಪಷ್ಟವಾಗಿ ಕಾಣುತ್ತದೆ. ಅನಂತರ ಪರದೆಯ ಮೂಲೆಯಲ್ಲಿ 1ರಿಂದ 10ರವರೆಗೆ ಸೆಕೆಂಡುಗಳು ಸರಿಯುತ್ತವೆ. ಉಸಿರು ಬಿಗಿಹಿಡಿದು ಅದರೊಂದಿಗೆ ಎಣಿಸಿದಾಗಲೇ, ನಾನು ಅವಸರದಲ್ಲಿ ಎಣಿಸಿಕೊಳ್ಳುತ್ತಿದ್ದ ಹತ್ತು ನಿಜಕ್ಕೂ 4 ಸೆಕೆಂಡುಗಳಷ್ಟೇ ಎಂದು ತಿಳಿದದ್ದು.

ಪುಡಿ ಇನ್‌ಹೇಲರ್‌ನ ವಿಡಿಯೊ ಮಾತ್ರ ನಿರಾಸೆಗೊಳಿಸುತ್ತದೆ. ಅದರಲ್ಲಿ ಔಷಧಿಯನ್ನು ಹೊರಗೆಳೆಯುವ ಬಲ ರೋಗಿಯ ಉಸಿರಿನದೇ ಆಗಿರುವುದರಿಂದ ಆರಂಭದಿಂದಲೇ ರಭಸವಾಗಿ, ಆಳವಾಗಿ ಎಳೆದುಕೊಳ್ಳಬೇಕು. ಅದರೊಳಕ್ಕೆ ಊದಿದರೆ ಪುಡಿ ಚದುರಿಹೋಗುತ್ತದೆ, ತೇವಕ್ಕೆ ಗಂಟೂ ಕಟ್ಟಬಹುದು. ಆದರೆ ಎರಡೂ ವಿಡಿಯೊಗಳಲ್ಲಿ ನಿರೂಪಕಿ ಹೇಳುವುದು ‘ಉಸಿರೆಳೆದುಕೊಳ್ಳಿ’ ಎಂಬ ಒಂದೇ ಮಾತು. ಉಸಿರಿನ ರಭಸ ಕಣ್ಣಿಗೆ ಕಾಣುವಂಥದ್ದಲ್ಲ, ಕಿವಿಗೆ ಕೇಳಬೇಕಾದದ್ದು. ಆ ಸದ್ದನ್ನೂ ಹಿನ್ನೆಲೆಯ ಕೊಳಲು ನುಂಗಿಹಾಕಿದೆ.

ಒತ್ತಿ ಬಳಸುವ ಇನ್‌ಹೇಲರ್‌ನ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರ್ ಅನ್ನು ತೊಳೆದ ಮೇಲೆ ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಬೇಕು, ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಉಂಟಾಗುವ ಸ್ಥಿರವಿದ್ಯುತ್ತಿನಿಂದ ಔಷಧಿ ಅದರ ಗೋಡೆಗೇ ಅಂಟಿಕೊಳ್ಳುತ್ತದೆ ಎಂಬ ವಿವರಣೆ ಚುಟುಕಾಗಿಯೂ ಸರಿಯಾಗಿಯೂ ಇದೆ. ಸ್ಟೆರಾಯ್ಡ್ ಇನ್‌ಹೇಲರ್ ಬಳಸಿದ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕೆಂಬ ಸೂಚನೆಯನ್ನು ಮಾತ್ರ, ಬಾಯಿಯಲ್ಲಿ ಶಿಲೀಂಧ್ರದ ಸೋಂಕಾಗದಂತೆ ತಡೆಯುವ ಮಾತದು ಎಂಬುದನ್ನೂ ಲೆಕ್ಕಿಸದೆ, ಧನ್ಯವಾದ ಹೇಳಿಯಾದ ಮೇಲೆ ಸಣ್ಣ ಅಕ್ಷರಗಳಲ್ಲಿ ತೋರಿಸಿದ್ದಾರೆ. ಅಲ್ಲಿಯವರೆಗೆ ಕಾಯುವವರು ಯಾರು?

ಸರಣಿಯನ್ನು ಮೂರು ಬಾರಿ ನೋಡಿ, ನಾನು ಇನ್‌ಹೇಲರ್ ಬಳಸುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಪರಿಚಯದ ನರ್ಸ್ ಒಬ್ಬರಿಗೆ ತೋರಿಸಿದೆ. ಒತ್ತುವಾಗ ನನ್ನ ಗದ್ದ ಎದೆಯತ್ತ ಬಾಗುತ್ತಿರುವುದನ್ನು ಅವರು ಒಂದೇ ನೋಟಕ್ಕೆ ಗುರುತಿಸಿದರು.