ಹಾಲ್‌ನ ಟಿವಿಗೆ ಸದ್ದಿಲ್ಲದ ಕಂಪ್ಯೂಟರ್: ಪೈ, ಮಿನಿ ಪಿಸಿ, ಇಲ್ಲಾ ನಾವೇ ಜೋಡಿಸಿದ್ದು

ಟಿವಿ ಪಕ್ಕ ಕೂರುವ ಕಂಪ್ಯೂಟರ್ ಬಗ್ಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಸಿನಿಮಾದಲ್ಲಿ ಎಲ್ಲರೂ ಮಾತು ನಿಲ್ಲಿಸಿದಾಗ ಇದರ ಸದ್ದು ಕೇಳಿಸುತ್ತಾ? ಕೇಳಿಸಿದರೆ ಉಳಿದ ಗುಣಗಳೆಲ್ಲ ಆಮೇಲೆ. ಹಾಗಾಗಿ ಮೂರು ದಾರಿಗಳನ್ನು ಒಂದೇ ಹಾಲ್‌ನಲ್ಲಿ ಇಟ್ಟು ನೋಡಿದೆ: ರಾಸ್ಪ್‌ಬೆರಿ ಪೈ 5 ಅನ್ನುವ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್, ಇಂಟೆಲ್ ಎನ್100 ಚಿಪ್ ಇರುವ ರೆಡಿಮೇಡ್ ಮಿನಿ ಪಿಸಿ, ಮತ್ತೆ ಮಿನಿ ಐಟಿಎಕ್ಸ್ ಅನ್ನುವ ಪುಟ್ಟ ಅಳತೆಯ ಮದರ್‌ಬೋರ್ಡ್ ತಂದು ನಾನೇ ಜೋಡಿಸಿದ್ದು. ಮೂರರಲ್ಲೂ ಸಿನಿಮಾ ಓಡಿಸುವ ಕೋಡಿ ಅನ್ನುವ ಉಚಿತ ತಂತ್ರಾಂಶ ಹಾಕಿ, ಅವೇ ಫೈಲುಗಳನ್ನು ಓಡಿಸಿದೆ.

ಸದ್ದು ಮಾಡುವುದು ಫ್ಯಾನ್, ನಿಜ. ಆದರೆ ಅದನ್ನು ಎಬ್ಬಿಸುವುದು ವಿಡಿಯೋ ಡಿಕೋಡಿಂಗ್, ಅಂದರೆ ಕುಗ್ಗಿಸಿಟ್ಟ ಫೈಲನ್ನು ಬಿಡಿಸಿ ಚಿತ್ರ ಮಾಡುವ ಕೆಲಸ. ಆ ಕೆಲಸಕ್ಕೆ ಅಂತಲೇ ಚಿಪ್‌ನೊಳಗೆ ಬೇರೆ ಭಾಗ ಇದ್ದರೆ ಸಿಪಿಯು ಆರಾಮಾಗಿರುತ್ತದೆ, ಬಿಸಿ ಏರುವುದಿಲ್ಲ. ಇಲ್ಲದಿದ್ದರೆ ಪೂರ್ತಿ ಭಾರ ಸಿಪಿಯು ಮೇಲೆ. ಇದನ್ನು ಕಣ್ಣಾರೆ ನೋಡಬಹುದು. ಕೋಡಿಯಲ್ಲಿ ವಿಡಿಯೋ ಓಡುವಾಗ ಕೀಬೋರ್ಡ್‌ನ ‘ಓ’ ಕೀ ಒತ್ತಿ. ಡಿಕೋಡರ್ ಹೆಸರಿನ ಪಕ್ಕದಲ್ಲೇ ಅದು ಹಾರ್ಡ್‌ವೇರಾ ಸಾಫ್ಟ್‌ವೇರಾ ಅಂತ ಗುರುತಿರುತ್ತದೆ, ಸಿಪಿಯು ಎಷ್ಟು ಶೇಕಡಾ ದುಡಿಯುತ್ತಿದೆ ಅಂತಲೂ ಇರುತ್ತದೆ. ಯಾವ ಪೆಟ್ಟಿಗೆ ಕೊಳ್ಳಬೇಕು ಅನ್ನುವ ಅರ್ಧ ಉತ್ತರ ಅಲ್ಲೇ ಇದೆ.

ವಿಡಿಯೋ ಕುಗ್ಗಿಸುವ ವಿಧಾನಗಳು ಹಲವು: ಎಚ್.264, ಎಚ್‌ಇವಿಸಿ, ವಿಪಿ9, ಎವಿ1. ಪೈ 5 ಎಚ್‌ಇವಿಸಿ ಫೈಲುಗಳನ್ನು 4ಕೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. ಪೈ 4ರಲ್ಲಿದ್ದ ಎಚ್.264 ಹಾರ್ಡ್‌ವೇರ್ ಡಿಕೋಡರನ್ನು ಇದರಲ್ಲಿ ತೆಗೆದಿದ್ದಾರೆ. 1080ಪಿ ಫೈಲಾದರೆ ಸಿಪಿಯು ಸಲೀಸಾಗಿ ಸಂಭಾಳಿಸುತ್ತದೆ. ಆದರೆ ವಿಪಿ9, ಎವಿ1 ಎರಡಕ್ಕೂ ಹಾರ್ಡ್‌ವೇರ್ ನೆರವಿಲ್ಲ. ಅಂಥ 4ಕೆ ವಿಡಿಯೋ ಹಾಕಿದರೆ ಸಿಪಿಯು ಏದುಸಿರು ಬಿಡುತ್ತದೆ. 80 ಡಿಗ್ರಿ ದಾಟುತ್ತಿದ್ದಂತೆ ಚಿಪ್ ತಾನೇ ವೇಗ ತಗ್ಗಿಸಲು ಶುರು ಮಾಡುತ್ತದೆ. ಚಿಕ್ಕ ಫ್ಯಾನ್ ಇರುವ ಕೂಲರ್ ಹಾಕಿದರೆ ಅದು ರಾತ್ರಿ ಹೊತ್ತು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿಸುತ್ತದೆ. ಪೂರ್ತಿ ಅಲ್ಯೂಮಿನಿಯಂನ ಫ್ಯಾನಿಲ್ಲದ ಕೇಸ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಪೈಯಲ್ಲಿ ನನಗೆ ತುಂಬಾ ಹಿಡಿಸಿದ್ದು ಎಚ್‌ಡಿಎಂಐ ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್ ಮೂಲಕವೇ ರಿಮೋಟ್‌ನ ಆದೇಶ ಸಾಗಿಸುವ ಸೌಲಭ್ಯ. ಟಿವಿಯ ರಿಮೋಟೇ ಕೋಡಿಗೂ ಆಗುತ್ತದೆ. ಮನೆಯಲ್ಲಿ ಯಾರಿಗೂ ಏನೂ ಹೇಳಿಕೊಡಬೇಕಿಲ್ಲ.

ಎನ್100 ವಿಷಯಕ್ಕೆ ಬಂದರೆ ಡಿಕೋಡಿಂಗ್ ಚಿಂತೆಯೇ ಇಲ್ಲ. ಎಚ್.264, 10 ಬಿಟ್ ಎಚ್‌ಇವಿಸಿ, ವಿಪಿ9, ಎವಿ1 ಎಲ್ಲವೂ ಹಾರ್ಡ್‌ವೇರ್‌ನಲ್ಲೇ. ಚಿಪ್‌ನ ಟಿಡಿಪಿ, ಅಂದರೆ ತಂಪು ಮಾಡಬೇಕಾದ ಬಿಸಿಯ ಅಂದಾಜು, ಬರೀ 6 ವಾಟ್. ಹಾಗಿದ್ದರೆ ಸದ್ದೇ ಇರಬಾರದು ಅಲ್ವಾ? ನಾನು ಮೊದಲು ಇಟ್ಟುಕೊಂಡಿದ್ದ ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಸದ್ದಿತ್ತು, ಅದೂ ಸಿನಿಮಾ ಓಡುವಾಗ ಅಲ್ಲ. ಮೆನುವಿನಲ್ಲಿ ಪೋಸ್ಟರುಗಳನ್ನು ಸರಿಸುತ್ತಾ ಹೋದರೆ ಸಿಪಿಯು ಒಂದೆರಡು ಸೆಕೆಂಡ್ 6 ವಾಟ್ ಮೀರಿ ಜಿಗಿಯುತ್ತದೆ, ಫ್ಯಾನ್ ‘ಸುಯ್’ ಅಂತ ಏರುತ್ತದೆ, ಮತ್ತೆ ಇಳಿಯುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಏರಿಳಿಯುವ ಸದ್ದಿಗೆ ಒಗ್ಗುವುದೇ ಇಲ್ಲ. ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ ಜಾಗ) ಹೋಗಿ ಪವರ್ ಲಿಮಿಟ್ ಇಳಿಸಿದರೆ ಈ ಜಿಗಿತ ಕಮ್ಮಿಯಾಗುತ್ತದೆ. ಎಲ್ಲ ಪೆಟ್ಟಿಗೆಗಳೂ ಆ ಸೆಟ್ಟಿಂಗ್ ತೋರಿಸುವುದಿಲ್ಲ, ಕೊಳ್ಳುವ ಮುಂಚೆ ವಿಚಾರಿಸಿ.

ಅದೇ ಚಿಪ್ ಫ್ಯಾನಿಲ್ಲದ ಪೆಟ್ಟಿಗೆಯಲ್ಲೂ ಬರುತ್ತದೆ. ಹೊರಮೈಯೇ ಹೀಟ್‌ಸಿಂಕ್, ಅಂದರೆ ಬಿಸಿಯನ್ನು ಹೀರಿ ಹೊರಗೆ ಬಿಡುವ ಲೋಹ. ಮುಟ್ಟಿದರೆ ಕೈಗೆ ಬಿಸಿ ತಾಗುತ್ತದೆ, ಅದಕ್ಕೆ ಗಾಬರಿ ಬೇಡ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಬಾಗಿಲು ಮುಚ್ಚುವ ಕಪಾಟಿನೊಳಗೆ ಮಾತ್ರ ಇಡಬೇಡಿ. ಮೂರರಲ್ಲಿ ನಾನು ಉಳಿಸಿಕೊಂಡಿದ್ದು ಇದನ್ನೇ. ಒಂದೇ ಕೊರತೆ ಅಂದರೆ ಸಿಇಸಿ ಇಲ್ಲ. ಅದಕ್ಕೆ ಬೇರೆ ಯುಎಸ್‌ಬಿ ಅಡಾಪ್ಟರ್ ಬೇಕು, ಇಲ್ಲಾ ಇನ್ನೊಂದು ರಿಮೋಟ್.

ನಾವೇ ಜೋಡಿಸುವುದರಲ್ಲಿ ಖುಷಿ ಜಾಸ್ತಿ, ಹಿಡಿತವೂ ಜಾಸ್ತಿ. ಬೋರ್ಡ್ 170 ಮಿಲಿಮೀಟರ್ ಚೌಕ, ಅಷ್ಟೇ. ಇಲ್ಲಿ ಸುಮ್ನೆ ಪುಟ್ಟ ಕೇಸ್ ನೋಡಿ ಮರುಳಾಗಬೇಡಿ. ಕೇಸ್ ತೆಳುವಾದಷ್ಟೂ ಫ್ಯಾನ್ ಚಿಕ್ಕದು, ಚಿಕ್ಕ ಫ್ಯಾನ್ ಅಷ್ಟೇ ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಲೇಬೇಕು. ಫ್ಯಾನ್ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಅದಕ್ಕೇ 120 ಮಿಲಿಮೀಟರ್ ಫ್ಯಾನ್ ಹಿಡಿಸುವ ಕೇಸ್ ತಗೊಂಡು ಅದನ್ನು ನಿಧಾನಕ್ಕೆ ತಿರುಗಿಸುವುದೇ ವಾಸಿ. ನನ್ನ ಬೋರ್ಡ್‌ನ ಬಯಾಸ್‌ನಲ್ಲಿ, ಬಿಸಿ ಏರಿದ ಎಷ್ಟು ಹೊತ್ತಿಗೆ ಫ್ಯಾನ್ ವೇಗ ಹೆಚ್ಚಬೇಕು ಅನ್ನುವ ಸೆಟ್ಟಿಂಗ್ ಇತ್ತು. ಅದನ್ನು ಕೆಲವು ಸೆಕೆಂಡ್ ತಡಮಾಡಿದೆ, ಮೆನುವಿನ ‘ಸುಯ್’ ಪೂರ್ತಿ ನಿಂತಿತು. ಗೇಮ್ ಕೂಡ ಆಡುವವರಿಗೆ ಈ ದಾರಿ ಸರಿ. ಬರೀ ಸಿನಿಮಾ ನೋಡುವವರಿಗೆ ಇಷ್ಟೆಲ್ಲ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಓಟಿಟಿಯ 4ಕೆಗಾಗಿ ಮಾತ್ರ ಇವನ್ನು ಕೊಳ್ಳಲು ಹೊರಟಿದ್ದರೆ ಬೇಡ. ಆ ಸೇವೆಗಳು ಪೂರ್ತಿ ರೆಸಲ್ಯೂಷನ್ ಕೊಡುವುದು ತಾವು ಒಪ್ಪಿದ ಹಾರ್ಡ್‌ವೇರ್ ಡಿಆರ್‌ಎಂ (ನಕಲು ತಡೆಯುವ ಬೀಗ) ಇರುವ ಸಾಧನಗಳಿಗೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದ ಪೆಟ್ಟಿಗೆಗೆ ಅದು ಸಿಗುವುದಿಲ್ಲ. ಟಿವಿಯೊಳಗಿನ ಆ್ಯಪ್ ಸಾಕು.

ಇನ್ನು ಹಾರ್ಡ್ ಡಿಸ್ಕ್. ಫ್ಯಾನಿಲ್ಲದ ಪೆಟ್ಟಿಗೆಗೆ ತಿರುಗುವ ಡಿಸ್ಕ್ ಸಿಕ್ಕಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದರ ನಡುಕ ಟಿವಿ ಸ್ಟ್ಯಾಂಡಿನ ಹಲಗೆಗೆ ಇಳಿದು ಇನ್ನಷ್ಟು ಜೋರಾಗುತ್ತದೆ. ಪೆಟ್ಟಿಗೆಯೊಳಗೆ ಚಿಕ್ಕ ಎಸ್‌ಎಸ್‌ಡಿ ಇರಲಿ, ಸಿನಿಮಾಗಳ ಡಿಸ್ಕ್ ಇನ್ನೊಂದು ಕೋಣೆಯಲ್ಲಿರಲಿ. 4ಕೆ ಬ್ಲೂ-ರೇಯ ಗರಿಷ್ಠ ವೇಗವೇ ಸೆಕೆಂಡಿಗೆ 150 ಮೆಗಾಬಿಟ್ ದಾಟುವುದಿಲ್ಲ, ಗಿಗಾಬಿಟ್ ಕೇಬಲ್ ಒಂದು ಎಳೆದರೆ ಬೇಕಾದಷ್ಟಾಯಿತು.