ಅಮಿಗಾ 500, ಅಟಾರಿ ಎಸ್‌ಟಿ: ಒಂದೇ ಮೇಜಿನ ಮೇಲೆ ಎಂಟು ತಿಂಗಳು

ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಚಿಕ್ಕಂದಿನಲ್ಲಿ ಕಂಪ್ಯೂಟರ್ ಎಂದರೆ ಶಾಲೆಯ ಲ್ಯಾಬಿನಲ್ಲಿದ್ದ ಡಾಸ್ ಪಿಸಿ ಮಾತ್ರ. 1980ರ ದಶಕದ ಮನೆ ಕಂಪ್ಯೂಟರ್‌ಗಳಾದ ಅಮಿಗಾ, ಅಟಾರಿ ಎಸ್‌ಟಿಗಳ ಹೆಸರು ಕಿವಿಗೆ ಬಿದ್ದಿದ್ದು ಸ್ಟುಟ್‌ಗಾರ್ಟ್‌ಗೆ ಕೆಲಸಕ್ಕೆ ಬಂದ ಮೇಲೆ. ಐವತ್ತು ದಾಟಿದ ಸಹೋದ್ಯೋಗಿಗಳಿಬ್ಬರು ಮಧ್ಯಾಹ್ನ ಊಟಕ್ಕೆ ಕೂತರೆ ಸಾಕು, ಯಾವುದು ಮೇಲು ಎಂಬ ವಾದ ಶುರುವಾಗುತ್ತದೆ. ಅದರಲ್ಲಿ ಬಾಲ್ಯದ ಮೋಹ ಎಷ್ಟು, ಯಂತ್ರದ ಗುಣ ಎಷ್ಟು ಎಂದು ನಾನೇ ನೋಡಬೇಕೆನಿಸಿತು. ಹಳೆ ಸಾಮಾನಿನ ಸಂತೆಯಿಂದ ಎಸ್‌ಟಿಯ 1040ಎಸ್‌ಟಿಎಫ್‌ಎಂ ಮಾದರಿ ಒಂದು, ಅಮಿಗಾ 500 ಒಂದು ಕೊಂಡು ತಂದೆ. ಅಮಿಗಾದ ಹೊಟ್ಟೆಯಲ್ಲಿ ಯಾರೋ ಹಾಕಿಸಿದ್ದ ಮೆಮೊರಿ ಬೋರ್ಡಿನ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿತ್ತು. ವಿನೆಗರ್ ಹಚ್ಚಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಬೋರ್ಡಿನ ಮೇಲೆ ಕಡಿದುಹೋಗಿದ್ದ ಎರಡು ತಾಮ್ರದ ಗೆರೆಗಳಿಗೆ ತಂತಿ ಬೆಸೆದ ಮೇಲೆ ಜೀವ ಬಂತು. ಈಗ ಎರಡರಲ್ಲೂ ಒಂದೊಂದು ಎಂಬಿ ಮೆಮೊರಿ.

ಎರಡರ ಒಳಗೂ ಇರುವುದು ಮೊಟೊರೊಲಾ 68000 ಪ್ರೊಸೆಸರ್. ಎಸ್‌ಟಿಯಲ್ಲಿ ಅದು 8 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಯುರೋಪಿನ ಅಮಿಗಾದಲ್ಲಿ 7.09ರಲ್ಲಿ. ಇವುಗಳ ಹುಟ್ಟಿನ ಕಥೆಯೇ ಅದಲುಬದಲು. ಅಮಿಗಾವನ್ನು ಮಾರಿದ್ದು ಕಾಮಡೋರ್ ಕಂಪನಿ, ಆದರೆ ಅದರ ಚಿಪ್‌ಗಳ ಹಿಂದಿದ್ದ ಜೇ ಮೈನರ್ ಮೊದಲು ಅಟಾರಿಯಲ್ಲಿದ್ದವರು. ಕಾಮಡೋರ್ ಕಟ್ಟಿದ ಜ್ಯಾಕ್ ಟ್ರಮಿಯೆಲ್ 1984ರ ಜನವರಿಯಲ್ಲಿ ಅದನ್ನು ಬಿಟ್ಟು, ಅದೇ ಜುಲೈನಲ್ಲಿ ಅಟಾರಿಯ ಮನೆಬಳಕೆ ವಿಭಾಗವನ್ನು ಕೊಂಡರು. ಶಿರಾಜ್ ಶಿವ್‌ಜಿಯವರ ತಂಡ ಒಂದು ವರ್ಷದೊಳಗೆ ಎಸ್‌ಟಿಯನ್ನು ಕಟ್ಟಿ ನಿಲ್ಲಿಸಿತು. ಆ ಅವಸರ ಯಂತ್ರದ ಮೈಮೇಲೆ ಇಂದಿಗೂ ಕಾಣುತ್ತದೆ, ಒಳ್ಳೆಯ ರೀತಿಯಲ್ಲೂ ಕೆಟ್ಟ ರೀತಿಯಲ್ಲೂ.

ಮೊದಲು ಒಳ್ಳೆಯದು. ಎಸ್‌ಟಿ ಆನ್ ಮಾಡಿದರೆ ಆಪರೇಟಿಂಗ್ ಸಿಸ್ಟಮ್ ಇಡಿಯಾಗಿ ಚಿಪ್‌ನಿಂದಲೇ ಬರುತ್ತದೆ, ಫ್ಲಾಪಿಗೆ ಕಾಯಬೇಕಿಲ್ಲ. ಎಸ್‌ಎಂ124 ಎಂಬ ಕಪ್ಪು-ಬಿಳುಪು ಮಾನಿಟರ್ ಜೋಡಿಸಿದರೆ 640×400 ಚುಕ್ಕೆ, ಸೆಕೆಂಡಿಗೆ ಸುಮಾರು 71 ಬಾರಿ. ಕಾಗದದ ಮೇಲೆ ಅಚ್ಚಾದಂತೆ ಅಕ್ಷರ ನಿಲ್ಲುತ್ತದೆ. ಮೂರು ಗಂಟೆ ಕೋಡ್ ಬರೆದರೂ ಕಣ್ಣು ಉರಿಯಲಿಲ್ಲ. ಅಮಿಗಾದಲ್ಲಿ ಅಷ್ಟೇ ಗೆರೆ ಬೇಕೆಂದರೆ ಸಮ-ಬೆಸ ಗೆರೆಗಳನ್ನು ಸರದಿಯಂತೆ ತೋರಿಸುವ ಇಂಟರ್‌ಲೇಸ್ ಹಾಕಬೇಕು. ತೆಳುವಾದ ಅಡ್ಡಗೆರೆಗಳೆಲ್ಲ ಪತರಗುಟ್ಟುತ್ತವೆ, ಹತ್ತು ನಿಮಿಷಕ್ಕೆ ತಲೆ ಹಿಡಿಯುತ್ತದೆ. ಜರ್ಮನ್ ಕೀಬೋರ್ಡಿನ ಕಾಟ ಬೇರೆ: ಬೂಟ್ ಡಿಸ್ಕಿನಲ್ಲಿ ಸೆಟ್‌ಮ್ಯಾಪ್ ಸಾಲು ಇಲ್ಲದಿದ್ದರೆ ಅಮಿಗಾ ಅದನ್ನು ಅಮೆರಿಕದ ಕೀಬೋರ್ಡ್ ಎಂದೇ ತಿಳಿದು ವೈ ಒತ್ತಿದರೆ ಝಡ್ ಹಾಕುತ್ತದೆ. ಆದರೆ ಬೆರಳಿಗೆ ಹಿತ ಅಮಿಗಾದ ಕೀಲಿಗಳೇ. ಎಸ್‌ಟಿಯವು ಮೆತ್ತಗೆ ಕುಸಿಯುತ್ತವೆ, ಒತ್ತಿದೆವೋ ಇಲ್ಲವೋ ತಿಳಿಯುವುದಿಲ್ಲ. ಅದರ ಮೌಸ್ ಸಾಕೆಟ್ ಕೀಬೋರ್ಡಿನ ಅಡಿಯಲ್ಲಿದೆ. ಪ್ರತಿ ಸಲವೂ ಯಂತ್ರವನ್ನು ಮಗುಚಿ ಸಿಕ್ಕಿಸಬೇಕು.

ನಿಜವಾದ ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಸ್ಕ್ರೋಲಿಂಗ್. ‘ಹುಬ್ಬಳ್ಳಿ’ ಎಂಬ ಪದವನ್ನು ಒತ್ತಕ್ಷರ ಸಮೇತ ಚುಕ್ಕೆ ಚುಕ್ಕೆಯಾಗಿ ಬಿಡಿಸಿ, ಹಿಂದೆ ಒಂದು ಊರಿನ ಚಿತ್ರವಿಟ್ಟು, ಇಡೀ ಪರದೆ ಒಂದು ಫ್ರೇಮ್‌ಗೆ ಒಂದು ಚುಕ್ಕೆಯಂತೆ ಎಡಕ್ಕೆ ಸರಿಯಬೇಕು. ಎರಡರಲ್ಲೂ 16 ಬಣ್ಣ, ಎರಡರಲ್ಲೂ ಅಸೆಂಬ್ಲಿ, ಅಂದರೆ ಪ್ರೊಸೆಸರ್‌ನ ಆದೇಶಗಳನ್ನೇ ನೇರವಾಗಿ ಬರೆಯುವ ಭಾಷೆ.

ಎಸ್‌ಟಿಯಲ್ಲಿ ಆ ಪರದೆ 32,000 ಬೈಟ್. ಸೆಕೆಂಡಿಗೆ 50 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಪ್ರೊಸೆಸರ್‌ಗೆ ಸಿಗುವುದು 1,60,256 ಸೈಕಲ್, ಅಂದರೆ ಅದರ ಗಡಿಯಾರದ ಬಡಿತ. ನಾಲ್ಕು ಬೈಟ್ ಎತ್ತಿ ಇನ್ನೊಂದು ಕಡೆ ಇಡುವ ಸಾದಾ ಆದೇಶಕ್ಕೆ 20 ಸೈಕಲ್, ಅಂಥವು 8,000. ಗುಣಿಸಿ ನೋಡಿ, 1,60,000. ಇಡೀ ಫ್ರೇಮ್ ಬರೀ ನಕಲಿಗೇ ಹೋಯಿತು, ಚುಕ್ಕೆ ಸರಿಸುವ ಕೆಲಸ ಇನ್ನೂ ಶುರುವೇ ಆಗಿಲ್ಲ! ಒಮ್ಮೆಗೇ ಹಲವು ರಿಜಿಸ್ಟರ್ (ಚಿಪ್‌ನೊಳಗಿನ ಪುಟ್ಟ ಸಂಗ್ರಹ ಜಾಗ) ಹೊತ್ತೊಯ್ಯುವ ಆದೇಶ ಬಳಸಿ ಸ್ವಲ್ಪ ಉಳಿಸಿದೆ. ಒಂದೊಂದು ಚುಕ್ಕೆ ಸರಿದ ಪ್ರತಿಗಳನ್ನು ಮೊದಲೇ ಮಾಡಿಟ್ಟುಕೊಂಡೆ. ಮೆಮೊರಿಯ ಅರ್ಧ ಅದಕ್ಕೇ ಹೋಯಿತು. ಹಾಗೂ ಹೀಗೂ 25 ಫ್ರೇಮ್‌ಗೆ ತಂದು ನಿಲ್ಲಿಸಿದೆ.

ಪರದೆಯ ಮೆಮೊರಿ ಎಲ್ಲಿ ಶುರುವಾಗುತ್ತದೆ ಎಂಬ ವಿಳಾಸವನ್ನೇ ಬದಲಿಸಿದರೆ ಆಗದೇ? ಆಗದು. ಆ ವಿಳಾಸದ ಕೆಳಗಿನ ಎಂಟು ಬಿಟ್‌ಗಳಿಗೆ ಎಸ್‌ಟಿಯಲ್ಲಿ ರಿಜಿಸ್ಟರ್ ಇಲ್ಲ. 256 ಬೈಟ್‌ಗೊಮ್ಮೆ ಮಾತ್ರ ಹೆಜ್ಜೆ ಇಡಬಹುದು. ಒಂದು ಗೆರೆ 160 ಬೈಟ್. ಹಾಗಾಗಿ ಮೇಲೆ-ಕೆಳಗೆ ಸರಿಸುವುದಾದರೂ ಎಂಟೆಂಟು ಗೆರೆ ಜಿಗಿಯಬೇಕು. ಅಡ್ಡಕ್ಕಂತೂ ಉಪಯೋಗವೇ ಇಲ್ಲ. ಎಂಟು ಬಿಟ್! ಎಸ್‌ಟಿಯ ಬಗ್ಗೆ ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ದುಬಾರಿ ಚಿಪ್ ಬೇಕಿರಲಿಲ್ಲ. ಆ ಎಂಟು ಬಿಟ್ ಮತ್ತು ಒಂದು ಚಿಕ್ಕ ಸ್ಕ್ರೋಲ್ ರಿಜಿಸ್ಟರ್ 1985ರಲ್ಲೇ ಇದ್ದಿದ್ದರೆ ಎಸ್‌ಟಿ ಆಟಗಳ ಚರಿತ್ರೆಯೇ ಬೇರೆಯಾಗುತ್ತಿತ್ತು. ಅವೆರಡೂ ಬಂದದ್ದು 1989ರ ಸುಧಾರಿತ ಮಾದರಿ ಎಸ್‌ಟಿಇಯಲ್ಲಿ. ಅಷ್ಟರಲ್ಲಿ ಮನೆಮನೆಯಲ್ಲಿ ಹಳೆಯ ಎಸ್‌ಟಿ ಕೂತಿತ್ತು, ಹೊಸ ರಿಜಿಸ್ಟರ್ ನಂಬಿ ಆಟ ಬರೆಯುವವರು ವಿರಳವಾದರು.

ಅಮಿಗಾದಲ್ಲಿ ಅದೇ ಕೆಲಸ ಒಂದು ಭಾನುವಾರ ಬೆಳಿಗ್ಗೆ ಮುಗಿಯಿತು. ಅಗಲವಾದ ಚಿತ್ರವನ್ನು ಮೆಮೊರಿಯಲ್ಲಿಟ್ಟು, ಬಿಟ್‌ಪ್ಲೇನ್ (ಪ್ರತಿ ಚುಕ್ಕೆಯ ಒಂದೊಂದು ಬಿಟ್ ಇರುವ ಪದರ) ವಿಳಾಸ ಬದಲಿಸಿ, ಉಳಿದ 0ರಿಂದ 15 ಚುಕ್ಕೆಗಳನ್ನು ಒಂದು ರಿಜಿಸ್ಟರಿಗೆ ಬರೆದರೆ ಆಯಿತು. 50 ಫ್ರೇಮ್, ಬೆಣ್ಣೆಯಂತೆ. ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನೆ ಕೂತಿತ್ತು. ಆಸೆ ಹೆಚ್ಚಾಗಿ ಕಾಪರ್‌ಗೂ ಕೈ ಹಾಕಿದೆ. ಇದು ಅಗ್ನಸ್ ಚಿಪ್‌ನೊಳಗಿನ ಪುಟ್ಟ ಸಹಾಯಕ. ಬಲ್ಲದ್ದು ಮೂರೇ ಆದೇಶ: ಕಾಯಿ, ಬರೆ, ದಾಟು. ಪರದೆಯ ಇಂಥ ಗೆರೆ ಬರುವವರೆಗೆ ಕಾಯಿ, ಆಮೇಲೆ ಹಿನ್ನೆಲೆಯ ಬಣ್ಣ ಬದಲಿಸು. ಹೀಗೆ ಪಟ್ಟಿ ಬರೆದು ಬಿಟ್ಟಾಗ ಊರಿನ ಚಿತ್ರದ ಮೇಲೆ ಸಂಜೆಯ ಆಕಾಶ ಕೇಸರಿಯಿಂದ ನೇರಳೆಗೆ ಇಳಿಯಿತು. ಒಂದೇ ಒಂದು ಬಣ್ಣದ ರಿಜಿಸ್ಟರ್ ಖರ್ಚಾಗಿದ್ದು. ಮನೆಯವಳನ್ನು ಕರೆದು ತೋರಿಸಿದೆ.

ಇದೇ ಕಾಪರ್‌ನಿಂದಾಗಿ ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್‌ನ ಮೇಲಂಚನ್ನು ಮೌಸ್‌ನಿಂದ ಹಿಡಿದು ಕೆಳಗೆಳೆದರೆ, ಹಿಂದೆ ಬೇರೆ ರೆಸಲ್ಯೂಷನ್ನಿನ ಇನ್ನೊಂದು ಪರದೆ ಕಾಣುತ್ತದೆ. ಜೊತೆಗೆ ಮಲ್ಟಿಟಾಸ್ಕಿಂಗ್: ಒಂದರಲ್ಲಿ ಅಸೆಂಬ್ಲರ್ ಓಡುತ್ತಿದ್ದರೆ ಇನ್ನೊಂದರಲ್ಲಿ ಚಿತ್ರ ಬಿಡಿಸಬಹುದು. ಮೆಮೊರಿಗೆ ಕಾವಲಿಲ್ಲ, ಒಂದು ಪ್ರೋಗ್ರಾಂ ಎಡವಿದರೆ ಎಲ್ಲವೂ ಬಿದ್ದು ಕೆಂಪು ಚೌಕಟ್ಟು ಮಿನುಗುತ್ತದೆ, ನಿಜ. ಎಸ್‌ಟಿ ಬಿದ್ದಾಗ ಪರದೆಯ ಮೇಲೆ ಬಾಂಬ್ ಚಿತ್ರಗಳ ಸಾಲು ಬರುತ್ತದೆ; ಎರಡಾದರೆ ಬಸ್ ಎರರ್, ಮೂರಾದರೆ ಅಡ್ರೆಸ್ ಎರರ್. ಡೀಬಗ್ ಮಾಡುವವನಿಗೆ ಬಾಂಬ್ ಎಣಿಸುವುದೇ ಸುಲಭ.

ಸಂಗೀತದಲ್ಲಿ ತೀರ್ಪು ಎರಡಾಗಿ ಒಡೆಯುತ್ತದೆ. ಯಂತ್ರವೇ ಹಾಡಬೇಕೆಂದರೆ ಅಮಿಗಾ: ಪೌಲಾ ಚಿಪ್ ನಾಲ್ಕು ವಾಹಿನಿಗಳಲ್ಲಿ ಧ್ವನಿಮುದ್ರಿತ ನಾದವನ್ನೇ ನುಡಿಸುತ್ತದೆ, ಎಸ್‌ಟಿಯ ಯಮಾಹಾ ಚಿಪ್‌ಗೆ ಇರುವುದು ಮೂರು ಕೀರಲು ಸ್ವರ. ಕೀಬೋರ್ಡ್, ಸಿಂಥಸೈಸರ್ ನುಡಿಸಬೇಕೆಂದರೆ ಎಸ್‌ಟಿ: ವಾದ್ಯಗಳನ್ನು ಜೋಡಿಸುವ ಮಿಡಿ ಸಾಕೆಟ್ ಯಂತ್ರದಲ್ಲೇ ಇದೆ, ಕೇಬಲ್ ಸಿಕ್ಕಿಸಿದರೆ ಆಯಿತು. 1989ರಲ್ಲಿ ಸಂಗೀತ ಜೋಡಿಸುವ ಪ್ರೋಗ್ರಾಂ ಕ್ಯೂಬೇಸ್ ಹುಟ್ಟಿದ್ದು ಇದರ ಮೇಲೆಯೇ. ಪಿಸಿಯಲ್ಲಿ ಫಾರ್ಮ್ಯಾಟ್ ಮಾಡಿದ 720 ಕೆಬಿ ಫ್ಲಾಪಿಯನ್ನೂ ಎಸ್‌ಟಿ ಓದುತ್ತದೆ. ಅಮಿಗಾದ 880 ಕೆಬಿ ಫ್ಲಾಪಿ ಪಿಸಿಗೆ ಅರ್ಥವಾಗದು.

ಹಾಗಾದರೆ ಗೆದ್ದದ್ದು ಅಮಿಗಾ, ನನ್ನ ಮಟ್ಟಿಗೆ ಸಂಶಯವಿಲ್ಲ. ಆದರೆ ಅದರ ಮುಂದಿನ ಕಥೆ ಓದಿದರೆ ಎಸ್‌ಟಿಯ ಎಂಟು ಬಿಟ್‌ಗಿಂತ ಹೆಚ್ಚು ಸಂಕಟವಾಗುತ್ತದೆ. 1985ರ ಮೊದಲ ಅಮಿಗಾದ ಏಳು ವರ್ಷಗಳ ನಂತರ, 1992ರಲ್ಲಿ ಬಂದ ಅಮಿಗಾ 1200ರಲ್ಲೂ ಅದೇ ಪೌಲಾ, ಅದೇ ನಾಲ್ಕು ವಾಹಿನಿ. ಪೌಲಾಗೆ ಹೈ ಡೆನ್ಸಿಟಿ ಫ್ಲಾಪಿಯ ವೇಗ ತಾಳದೆ, ಅಮಿಗಾ 4000ರಲ್ಲಿ ಡ್ರೈವನ್ನೇ ಅರ್ಧ ವೇಗದಲ್ಲಿ ತಿರುಗಿಸಿದರು. 1200ರೊಳಗಿನ 2 ಎಂಬಿ ಪೂರ್ತಿ ಚಿತ್ರದ ಚಿಪ್‌ಗಳೊಡನೆ ಹಂಚಿಕೊಳ್ಳುವ ಮೆಮೊರಿ. ಪ್ರೊಸೆಸರ್‌ಗೇ ಮೀಸಲಾದ ಮೆಮೊರಿ ಒಂದಿಷ್ಟು ಸೇರಿಸಿದರೆ ಅದೇ ಯಂತ್ರ ಸುಮಾರು ಎರಡು ಪಟ್ಟು ಓಡುತ್ತದೆ. 1985ರಲ್ಲಿ ಮೆಮೊರಿ ಉಳಿಸಿದ ಬಿಟ್‌ಪ್ಲೇನ್ ವಿಧಾನ, 256 ಬಣ್ಣದ ಮೂರು ಆಯಾಮದ ಆಟಗಳು ಬಂದಾಗ ಕಾಲಿಗೆ ಸಂಕೋಲೆಯಾಯಿತು: ಒಂದು ಚುಕ್ಕೆಗೆ ಎಂಟು ಕಡೆ ಬರೆಯಬೇಕು. ಇದನ್ನು ಸುಲಭ ಮಾಡುವ ಅಕಿಕೊ ಚಿಪ್ ಸಿಕ್ಕಿದ್ದು 1993ರ ಅಮಿಗಾ ಸಿಡಿ32 ಎಂಬ ಆಟದ ಯಂತ್ರಕ್ಕೆ ಮಾತ್ರ. 1994ರ ಏಪ್ರಿಲ್‌ನಲ್ಲಿ ಕಾಮಡೋರ್ ಬಾಗಿಲು ಹಾಕಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ಎಸ್‌ಟಿ, ಎಸ್‌ಎಂ124 ಮೇಜಿನ ಎಡಕ್ಕಿವೆ. ಕೋಡ್ ಬರೆಯುವುದು ಅದರಲ್ಲಿ. ಅಮಿಗಾ ಬಲಕ್ಕಿದೆ, ಸಂಜೆ ಅದನ್ನು ಆನ್ ಮಾಡುತ್ತೇನೆ. ಉಲ್ಮ್‌ನಲ್ಲಿ ಒಬ್ಬರ ಹತ್ತಿರ ಎಸ್‌ಟಿಇ ಮಾರಾಟಕ್ಕಿದೆಯಂತೆ, ಶನಿವಾರ ನೋಡಲು ಹೊರಟಿದ್ದೇನೆ. ಸಿಕ್ಕರೆ ‘ಹುಬ್ಬಳ್ಳಿ’ಯನ್ನು ಅದರಲ್ಲೂ 50 ಫ್ರೇಮ್‌ನಲ್ಲಿ ಓಡಿಸಿ ನೋಡಬೇಕು.