ಸೆಪ್ಸಿಸ್‌ಗೆ ಪಾಲಿಮಿಕ್ಸಿನ್ ಕಾರ್ಟ್ರಿಜ್: ದುಡ್ಡು ಸುರಿಯುವ ಮುಂಚೆ

ಕಾರವಾರ, ಕುಮಟಾ ಕಡೆಯ ಸೆಪ್ಸಿಸ್ (ಸೋಂಕಿಗೆ ಮೈಯ ಪ್ರತಿಕ್ರಿಯೆ ಹದತಪ್ಪಿ ಅಂಗಗಳು ಕೆಡುವ ಸ್ಥಿತಿ) ರೋಗಿಯನ್ನು ಮಂಗಳೂರಿಗೋ ಹುಬ್ಬಳ್ಳಿಗೋ ಒಯ್ದಾಗ ಐಸಿಯುನಲ್ಲಿ 'ರಕ್ತಶುದ್ಧಿ' ಮಾತು ಬಂದರೆ, ಯಾವುದು ಎಂದು ಮೊದಲು ಕೇಳಿ. ಕಿಡ್ನಿ ನಿಂತಿದ್ದಕ್ಕೆ ಡಯಾಲಿಸಿಸ್ ಎಂದರೆ ಅದು ಬೇರೆ, ಬೇಡ ಅನ್ನಬೇಡಿ.

ಇಲ್ಲಿ ಹೇಳುವುದು ಟೊರಾಮಿಕ್ಸಿನ್ ಎಂಬ ಕಾರ್ಟ್ರಿಜ್ (ರಕ್ತ ಹಾಯಿಸುವ ಡಬ್ಬಿ) ಬಳಸುವ ರಕ್ತಶುದ್ಧಿಯ ಬಗ್ಗೆ. ಅದರೊಳಗಿನ ನಾರಿಗೆ ಪಾಲಿಮಿಕ್ಸಿನ್-ಬಿ ಎಂಬ ಆಂಟಿಬಯಾಟಿಕ್ ಅಂಟಿಸಿರುತ್ತಾರೆ. ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾದ ವಿಷ, ಎಂಡೋಟಾಕ್ಸಿನ್, ಅದಕ್ಕೆ ಕಚ್ಚಿಕೊಳ್ಳುತ್ತದೆ. ಕುತ್ತಿಗೆ ಅಥವಾ ತೊಡೆಸಂದಿನ ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ (ಕೊಳವೆ), ನಿಮಿಷಕ್ಕೆ 80ರಿಂದ 120 ಮಿ.ಲೀ. ರಕ್ತ, ಸುಮಾರು 2 ತಾಸು. 24 ತಾಸಿನ ನಂತರ ಇನ್ನೊಮ್ಮೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸಾಲದಿದ್ದರೆ ಕಾರ್ಟ್ರಿಜ್ ಒಳಗೆ ರಕ್ತ ಹೆಪ್ಪುಗಟ್ಟಿ ಪಂಪಿನ ಒತ್ತಡ ಏರುತ್ತದೆ. ಆಗ ಕಾರ್ಟ್ರಿಜ್ಜೂ ಹೋಯಿತು, ಒಳಗಿನ ರಕ್ತವೂ ಹೋಯಿತು. ಪ್ಲೇಟ್‌ಲೆಟ್ ಕೂಡ ಇಳಿಯಬಹುದು. ಮಳೆಗಾಲದ ಇಲಿಜ್ವರದಲ್ಲಿ ಅದು ಮೊದಲೇ ಕುಸಿದಿರುವುದುಂಟು.

ಇಷ್ಟು ಮಾಡಿ ಜೀವ ಉಳಿಯುತ್ತದೆಯೇ? 450 ರೋಗಿಗಳ ಮೇಲಿನ ಯೂಫ್ರೇಟಿಸ್ ಪ್ರಯೋಗದಲ್ಲಿ (2018) 28 ದಿನದೊಳಗೆ ಸತ್ತವರು, ಕಾರ್ಟ್ರಿಜ್ ಹಾಕಿದವರಲ್ಲಿ ಶೇ. 37.7, ಹಾಕದವರಲ್ಲಿ ಶೇ. 34.5. ಸೆಪ್ಸಿಸ್ ಚಿಕಿತ್ಸೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಕೊಡುವ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್‌ನ 2021ರ ಮಾರ್ಗಸೂಚಿ ಈ ಕಾರ್ಟ್ರಿಜ್ ಬಳಸದಿರುವುದೇ ಲೇಸು ಎನ್ನುತ್ತದೆ. ನಮ್ಮ ಶಿಫಾರಸೂ ಅದೇ.

ಸೆಪ್ಸಿಸ್‌ನಿಂದ ಬಿಪಿ ಕುಸಿದ ರೋಗಿಗೆ 1 ತಾಸಿನೊಳಗೆ ಆಂಟಿಬಯಾಟಿಕ್ ಬೀಳಬೇಕು. ಮಂಗಳೂರು ತಲುಪಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಮೊದಲ ಡೋಸ್, ಸಲೈನ್ ಎರಡೂ ಇಲ್ಲೇ ತಾಲೂಕು ಆಸ್ಪತ್ರೆಯಲ್ಲಿ ಶುರುವಾಗಲಿ. ಕೊಟ್ಟ ಹೊತ್ತನ್ನು ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ.